ತಲೆಕೆಳಗಾಗಿ ಮಲಗುವ ಚಿಟ್ಟುಗಿಳಿ

ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಒಂದು ಒಣಗಿದ ಹಲಸಿನ ಮರವಿದೆ. ಕಳೆದ ಶಿವರಾತ್ರಿ ಹೊತ್ತಿಗೆ ಅದನ್ನು ಕಡಿಸಿ ಸೌದೆ ಮಾಡಿಸೋಣವೆಂದು ಆಳಿಗೂ ಹೇಳಿಯಾಗಿತ್ತು. ಹಬ್ಬಕ್ಕೆ ಬಂದಿದ್ದ ಮೊಮ್ಮಗಳು ಬೆಳಿಗ್ಗೆ ಓಡಿ ಬಂದಳು. "ಅಜ್ಜಾ, ಒಂದು ಹಸಿರು ಹಕ್ಕಿ ಬೆನ್ನಿಗೆ ಎಲೆ ಸಿಕ್ಕಿಸಿಕೊಂಡು ಹಾರ್ತಾ ಇದೆ!" ನಾನು ನಕ್ಕೆ. ಹೋಗಿ ನೋಡಿದರೆ ಅವಳ ಮಾತು ನಿಜ.

ಅದು ಚಿಟ್ಟುಗಿಳಿ. ಗಿಳಿಯೆಂದರೆ ಉದ್ದ ಬಾಲದ ಹಕ್ಕಿ ನೆನಪಾಗುತ್ತದಲ್ಲವೇ? ಇದು ಗುಬ್ಬಚ್ಚಿಯಷ್ಟೇ ಪುಟ್ಟದು, ಸುಮಾರು 14 ಸೆಂಟಿಮೀಟರ್. ಬಾಲ ಮೊಂಡು. ಮೈಯೆಲ್ಲ ಎಲೆಹಸಿರು, ಕೊಕ್ಕು ಮತ್ತು ಬೆನ್ನಿನ ಕೆಳಭಾಗ ಕೆಂಪು. ಗಂಡಿನ ಗಂಟಲಲ್ಲಿ ನೀಲಿ ಮಚ್ಚೆ. ಎಲೆಗಳ ನಡುವೆ ಕೂತರೆ ಕಣ್ಣಿಗೆ ಬೀಳುವುದೇ ಕಷ್ಟ.

ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಇದರ ವಾಸ. ಈಶಾನ್ಯ ಭಾರತದಲ್ಲೂ ಇದೆ. ಹಾಲುವಾಣ, ಬೂರುಗದ ಹೂವಿನ ಮಕರಂದ, ಮೆತ್ತಗಿನ ಹಣ್ಣು ಇದಕ್ಕೆ ಪ್ರಿಯ. ಮರಕ್ಕೆ ಕಟ್ಟಿದ ಮಡಕೆಯಲ್ಲಿ ಹೆಂಡ ಕುಡಿದು ಅಮಲೇರಿ ಬೀಳುವುದೂ ಉಂಟು! ರಾತ್ರಿ ಬಾವಲಿಯಂತೆ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು ನಿದ್ದೆ ಮಾಡುತ್ತದೆ.

ಆ ಎಲೆಯ ಗುಟ್ಟು ಏನು ಗೊತ್ತೇ ಮಕ್ಕಳೇ? ಹೆಣ್ಣು ಹಕ್ಕಿ ಎಲೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬೆನ್ನಿನ ಕೆಂಪು ಗರಿಗಳ ಸಂದಿಗೆ ಸಿಕ್ಕಿಸಿಕೊಂಡು ಗೂಡಿಗೆ ಒಯ್ಯುತ್ತದೆ. ಮೊಟ್ಟೆಗೆ ಅದೇ ಹಾಸಿಗೆ. ಗೂಡು ಇರುವುದು ಮರದ ಪೊಟರೆಯಲ್ಲಿ. ಮರಕುಟಿಗನಂತೆ ಗಟ್ಟಿ ಮರ ಕೊರೆಯುವ ಶಕ್ತಿ ಈ ಪುಟ್ಟ ಕೊಕ್ಕಿಗಿಲ್ಲ. ಹಾಗಾಗಿ ಹಳೆಯ, ಟೊಳ್ಳು ಮರಗಳೇ ಇದಕ್ಕೆ ಆಸರೆ. ನಮಗೆ ಬರೀ ಸೌದೆಯಾಗಿ ಕಂಡದ್ದು ಅದಕ್ಕೆ ಬಾಣಂತಿ ಕೋಣೆ!

"ಹಿಡಿದು ಪಂಜರದಲ್ಲಿ ಸಾಕೋಣವಾ ಅಜ್ಜ?" ಎಂದಳು ಮೊಮ್ಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಗಳನ್ನು ಹಿಡಿಯುವುದು ಅಪರಾಧ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದ್ರೆ ಅದರ ಮನೆ ಕಡಿಯೋದು ತಪ್ಪಲ್ವಾ?"

ನನ್ನ ಬಳಿ ಉತ್ತರವಿರಲಿಲ್ಲ. ಅಂದೇ ಆಳಿಗೆ ಬೇಡವೆಂದೆ. ಹಲಸಿನ ಮರ ಇನ್ನೂ ನಿಂತಿದೆ. ಅಜ್ಜ ಅಜ್ಜಿಯರೇ, ಒಣಮರಕ್ಕೆ ಕೊಡಲಿ ಹಾಕುವ ಮುನ್ನ ಒಮ್ಮೆ ಮೊಮ್ಮಕ್ಕಳನ್ನು ಕರೆದು ಮೇಲೆ ನೋಡಲು ಹೇಳಿ. ಅವರ ಕಣ್ಣು ನಮಗಿಂತ ಚುರುಕು.