ಚಾಕಲೇಟ್ ಕೇಕಿಗೆ ಯಾವ ಸೋಡಾ, ಎಷ್ಟು ಸೋಡಾ?

ಕ್ರಿಸ್ಮಸ್ ಹತ್ತಿರ ಬಂದಾಗ ಕರಾವಳಿಯ ನಮ್ಮ ಮನೆಗಳಲ್ಲಿ ಕುಸ್ವಾರ್ ಜೊತೆಗೆ ಕೇಕ್ ತಯಾರಿಸುವುದೂ ರೂಢಿ. ಮಕ್ಕಳ ಹುಟ್ಟುಹಬ್ಬಕ್ಕೆ, ಚರ್ಚ್ ವಠಾರದ ಮಾರಾಟಕ್ಕೆ ಚಾಕಲೇಟ್ ಕೇಕ್ ಮಾಡಿ ಕೊಡುವವರೂ ಅನೇಕರಿದ್ದಾರೆ. ಪಾಕವಿಧಾನದಲ್ಲಿ 'ಒಂದು ಚಮಚ ಸೋಡಾ' ಎಂದಷ್ಟೇ ಬರೆದಿದ್ದರೆ ಗೊಂದಲ ಸಹಜ. ಏಕೆಂದರೆ ನಮ್ಮ ಅಂಗಡಿಗಳಲ್ಲಿ ಸೋಡಾ ಎಂಬ ಹೆಸರಿನ ವಸ್ತುಗಳು ಮೂರು: ಅಡುಗೆ ಸೋಡಾ, ಬಟ್ಟೆ ಸೋಡಾ ಮತ್ತು ಬಾಟಲಿಯಲ್ಲಿ ಸಿಗುವ ಕುಡಿಯುವ ಸೋಡಾ.

ಕೇಕಿಗೆ ಬೇಕಾದುದು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಬಟ್ಟೆ ಸೋಡಾ ಸೋಡಿಯಂ ಕಾರ್ಬೊನೇಟ್. ಅದು ಪ್ರಬಲ ಕ್ಷಾರ, ಬಾಯಿ ಮತ್ತು ಗಂಟಲನ್ನು ಸುಡಬಲ್ಲದು. ಎರಡೂ ಬಿಳಿ ಪುಡಿಗಳೇ. ವಿನೆಗರ್ ಹಾಕಿದರೆ ನೊರೆ ಬರುತ್ತದೆಯೇ ನೋಡಿ ಗುರುತಿಸಬಹುದೆಂದು ಕೆಲವರು ಹೇಳುವುದುಂಟು. ಇದನ್ನು ನಂಬಬಾರದು, ಎರಡಕ್ಕೂ ನೊರೆ ಬರುತ್ತದೆ. ಹೆಸರು ಬರೆಯದ ಡಬ್ಬಿಯ ಪುಡಿಯನ್ನು ಎಸೆದು ಹೊಸ ಪೊಟ್ಟಣ ತರುವುದೇ ಕ್ಷೇಮ. ಹಲವು ಕೈಗಳು ಸೇರಿ ಅಡುಗೆ ಮಾಡುವ ಸಭಾಭವನದ ಅಡುಗೆಮನೆಗಳಲ್ಲಂತೂ ಬಟ್ಟೆ ಸೋಡಾವನ್ನು ಅಡುಗೆ ಸಾಮಾನಿನ ಕಪಾಟಿನಲ್ಲಿ ಇಡಲೇಬಾರದು.

ಸೋಡಾ ಮಾಡುವ ಕೆಲಸವೇನು? ಹುಳಿಯೊಂದಿಗೆ ಒದ್ದೆಯಾಗಿ ಸೇರಿದೊಡನೆ ಅದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಗೋಲಿ ಸೋಡಾದ ಬಾಟಲಿಯಲ್ಲಿ ಒತ್ತಿ ತುಂಬಿರುವುದೂ ಇದೇ ಅನಿಲ, ಶೇಂದಿ ಹಾಕಿದ ಸಣ್ಣ ಉಬ್ಬುವುದೂ ಇದರಿಂದಲೇ. ಆದರೆ ಸಣ್ಣದ ಹಿಟ್ಟು ಗಂಟೆಗಟ್ಟಲೆ ಕಾಯುತ್ತದೆ, ಸೋಡಾ ಹಾಕಿದ ಹಿಟ್ಟು ಕಾಯುವುದಿಲ್ಲ. ಕಲಸಿ ಇಟ್ಟು ಮಾತಿಗೆ ಕೂತರೆ ಗುಳ್ಳೆಗಳೆಲ್ಲ ಹಾರಿಹೋಗಿ ಕೇಕ್ ಚಪ್ಪಟೆಯಾಗುತ್ತದೆ.

ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಬೇಡದ ಒಂದು ಕೇಕನ್ನು ಇಲ್ಲಿ ತಿಳಿಸುತ್ತೇವೆ. ಅಮೆರಿಕದಲ್ಲಿ ಇದಕ್ಕೆ ವ್ಯಾಕಿ ಕೇಕ್ ಎಂಬ ಹೆಸರಿದೆ. ಎರಡನೇ ಮಹಾಯುದ್ಧದ ಪಡಿತರದ ದಿನಗಳಲ್ಲಿ ಬೆಣ್ಣೆ, ಮೊಟ್ಟೆಗಳ ಅಭಾವವಿದ್ದಾಗ ಕೈಹಿಡಿದ ಕೇಕ್ ಎಂದು ಅಲ್ಲಿ ಇದನ್ನು ನೆನೆಯುತ್ತಾರೆ. ಖರ್ಚು ಕಡಿಮೆ, ಮೊಟ್ಟೆ ತಿನ್ನದ ನೆರೆಹೊರೆಯವರಿಗೂ ಕೊಡಬಹುದು.

ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಸಿಹಿಯಿಲ್ಲದ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದರೆ ತಿನ್ನುವವರ ಬಾಯಿಗೆ ಕಹಿ ತುಂಡು ಸಿಗುತ್ತದೆ. ಒಂದು ಕಪ್ ನೀರು, ಆರು ದೊಡ್ಡ ಚಮಚ ವಾಸನೆಯಿಲ್ಲದ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್, ಒಂದು ಟೀ ಚಮಚ ವೆನಿಲ್ಲಾ ಸೇರಿಸಿ, ಗಂಟಿಲ್ಲದಂತೆ ಕಲಸಿದೊಡನೆ ಎಣ್ಣೆ ಸವರಿದ 8 ಇಂಚಿನ ಪಾತ್ರೆಗೆ ಸುರಿಯಿರಿ. ಮೊದಲೇ ಕಾಯಿಸಿಟ್ಟ ಓವನಿನಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30ರಿಂದ 35 ನಿಮಿಷ ಸಾಕು. ಓವನ್ ಇಲ್ಲದವರು ಕುಕ್ಕರಿನ ತಳದಲ್ಲಿ ಉಪ್ಪು ಅಥವಾ ಮರಳು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದು ಸಣ್ಣ ಉರಿಯಲ್ಲಿ ಬೇಯಿಸಬಹುದು. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಚುಚ್ಚಿದ ಕಡ್ಡಿ ಶುಭ್ರವಾಗಿ ಬಂದರೆ ಬೆಂದಿದೆ.

ವಿನೆಗರಿಗೆ ಪ್ರತ್ಯೇಕ ವಾಸನೆ ಇರುತ್ತದೆಂಬ ಭಯ ಬೇಡ, ಈ ಅಳತೆಗೆ ಅದು ತಿಳಿಯುವುದಿಲ್ಲ. ಲಿಂಬೆರಸವೂ ಆಗುತ್ತದೆ. ಆದರೆ ಇಷ್ಟು ಹುಳಿಯಿಂದ ಸೋಡಾ ಪೂರ್ತಿ ಕರಗದು. ಉಳಿದದ್ದು ಓವನಿನ ಬಿಸಿಗೆ ಒಡೆದು ಅನಿಲ ಬಿಟ್ಟು, ಸ್ವಲ್ಪ ಕ್ಷಾರವನ್ನು ಕೇಕಿನಲ್ಲೇ ಉಳಿಸುತ್ತದೆ. ಈ ಕ್ಷಾರವೇ ಕೋಕೋಗೆ ಗಾಢ ಬಣ್ಣ ಕೊಡುವುದು, ಹೆಚ್ಚಾದರೆ ಸಾಬೂನಿನ ರುಚಿ ಕೊಡುವುದೂ ಅದೇ. ಆದ್ದರಿಂದ ಚಮಚದ ಮೇಲ್ಭಾಗವನ್ನು ಚಾಕುವಿನಿಂದ ಸವರಿ ಸಮ ಮಾಡಿಯೇ ಅಳೆಯಬೇಕು. ಬೇಕಿಂಗ್ ಪೌಡರ್ ಬೇರೆ ವಸ್ತು. ಅದರಲ್ಲಿ ಸೋಡಾದೊಂದಿಗೆ ಒಣ ಹುಳಿ ಮತ್ತು ಪಿಷ್ಟ ಬೆರೆತಿರುತ್ತವೆ, ಶಕ್ತಿ ಸೋಡಾದ ಮೂರನೇ ಒಂದು ಭಾಗದಷ್ಟೇ. ಒಂದರ ಬದಲಿಗೆ ಇನ್ನೊಂದನ್ನು ಚಮಚಕ್ಕೆ ಚಮಚ ಹಾಕಲಾಗದು. ನಮ್ಮ ಮಳೆಗಾಲದ ತೇವಕ್ಕೆ ಬೇಕಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಒಂದಿಷ್ಟನ್ನು ಬಿಸಿನೀರಿಗೆ ಹಾಕಿದಾಗ ನೊರೆ ಬಾರದಿದ್ದರೆ ಅದು ಕೆಲಸಕ್ಕೆ ಬಾರದು.

ಕೋಲಾ ಸುರಿದು ಕೇಕ್ ಮಾಡುವ ಕ್ರಮವೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿದೆ. ಅಲ್ಲಿಯೂ ಅಡುಗೆ ಸೋಡಾ ಹಾಕುತ್ತಾರೆ. ಪಾನೀಯದ ಗುಳ್ಳೆ ಬಹುಪಾಲು ಕಾಯಿಸುವಾಗಲೇ ಹೋಗಿಬಿಡುತ್ತದೆ, ಪ್ರಯೋಜನಕ್ಕೆ ಬರುವುದು ಅದರ ಹುಳಿ ಮತ್ತು ಸಕ್ಕರೆ. ಸಕ್ಕರೆ ಇಲ್ಲದ ಬರೀ ಬಾಟಲಿ ಸೋಡಾವನ್ನು ಅಡುಗೆ ಸೋಡಾದ ಬದಲಿಗೆ ಬಳಸಿದರೆ ಕೇಕ್ ಏಳದು.

ರಕ್ತದೊತ್ತಡ ಇರುವ ಹಿರಿಯರು ಮನೆಯಲ್ಲಿದ್ದರೆ ಇನ್ನೊಂದು ವಿಷಯ ಗಮನಿಸಬೇಕು. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ಅರ್ಧ ಚಮಚ ಉಪ್ಪಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಕೇಕನ್ನು 12 ತುಂಡು ಮಾಡಿದರೆ ತುಂಡಿಗೆ 200 ಮಿಲಿಗ್ರಾಂ ಆಯಿತು. ಬೆಳೆದವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೋಡಾ ಬಿಟ್ಟರೆ ಕೇಕ್ ಏಳುವುದಿಲ್ಲ, ಉಪ್ಪು ಬಿಟ್ಟರೆ ರುಚಿ ತುಸು ಸಪ್ಪೆಯಾಗುತ್ತದೆ ಅಷ್ಟೆ. ಅಂಥವರಿಗಾಗಿ ಮಾಡುವಾಗ ಉಪ್ಪನ್ನೇ ಬಿಡಿ.