ಅಡಿಕೆಯ ಹಳದಿ ಎಲೆ ರೋಗ: ಮದ್ದಿಲ್ಲದ ಕಾಯಿಲೆಗೆ ಡಿಎನ್‌ಎ ಪರೀಕ್ಷೆ ತಂದಿರುವ ಭರವಸೆ

ದೇಲಂಪಾಡಿಯಲ್ಲಿ ಅಡಿಕೆ ಅಂದ್ರೆ ತೋಟದ ಯಜಮಾನರ ಬೆಳೆ ಮಾತ್ರ ಅಲ್ಲ. ಕೊಯ್ಯುವವರು, ಸುಲಿಯುವವರು, ಅಂಗಡಿಯಲ್ಲಿ ತೂಗಿ ಕೊಳ್ಳುವವರು, ಪಿಕಪ್‌ನಲ್ಲಿ ಸಾಗಿಸುವವರು, ಇವರೆಲ್ಲರ ಮನೆಖರ್ಚು ಅದರಿಂದಲೇ ನಡೆಯುತ್ತದೆ. ಗಲ್ಫ್‌ನಲ್ಲಿ ದುಡಿದ ಹಣವನ್ನು ತೋಟಕ್ಕೆ ಹಾಕಿದವರೂ ಇದ್ದಾರೆ. ಹಾಗಾಗಿ ಪಕ್ಕದ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಕಡೆ ತೋಟಗಳನ್ನು ಹಾಳು ಮಾಡಿದ ಹಳದಿ ಎಲೆ ರೋಗ ಇಲ್ಲಿನವರಿಗೆ ದೂರದ ಸುದ್ದಿಯಲ್ಲ.

ಎಲೆ ಹಳದಿಯಾದರೆ ಎಲ್ಲವೂ ಈ ರೋಗವಲ್ಲ

ತೋಟದಲ್ಲಿ ನೀರು ನಿಂತರೂ, ಗೊಬ್ಬರ ಕಡಿಮೆಯಾದರೂ ಸೋಗೆ ಹಳದಿಯಾಗುತ್ತದೆ. ಎಲೆ ಚುಕ್ಕಿ ರೋಗ ಶಿಲೀಂಧ್ರದ್ದು, ಅದು ಬೇರೆ. ಹಳದಿ ಎಲೆ ರೋಗದಲ್ಲಿ ಮೊದಲು ಕೆಳಗಿನ ಎರಡು ಮೂರು ಸೋಗೆಗಳ ತುದಿ ಹಳದಿಯಾಗುತ್ತದೆ. ಬಳಿಕ ನಳ್ಳಿ ಉದುರುತ್ತದೆ, ಅಡಿಕೆಯ ಒಳಭಾಗ ಕಪ್ಪಾಗುತ್ತದೆ, ಬೇರಿನ ತುದಿ ಕೊಳೆಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಹಾಗೆ ಇದಕ್ಕೆ ಹೊಡೆಯಲು ಮದ್ದಿಲ್ಲ.

ಕೇರಳದಲ್ಲಿ ಈ ರೋಗವನ್ನು ಗುರುತಿಸಿದ್ದು 1914ರಷ್ಟು ಹಿಂದೆ. ಆದರೂ ಕಾರಣ ತಿಳಿಯಲು ಹಲವು ದಶಕಗಳೇ ಬೇಕಾದವು. ಯಾಕೆಂದರೆ ಇದಕ್ಕೆ ಕಾರಣವಾದ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಹೊರಗಿನ ಕೋಶಭಿತ್ತಿಯೇ ಇಲ್ಲ. ಮರದ ಆಹಾರ ಸಾಗುವ ನಾಳದೊಳಗೆ ಅದು ಅಡಗಿ ಕೂರುತ್ತದೆ. ಬೇರೆ ರೋಗಾಣುಗಳ ಹಾಗೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೋಡೋಣ ಅಂದ್ರೆ ಅದೂ ಕಷ್ಟ. ಇಂಥ ಜೀವಿಗಳು ಗಿಡಗಳಲ್ಲಿ ರೋಗ ತರುತ್ತವೆ ಎಂದು ಜಪಾನಿನ ವಿಜ್ಞಾನಿಗಳು ತಿಳಿಸಿದ್ದೇ 1967ರಲ್ಲಿ. ರಸ ಹೀರುವ ಸಣ್ಣ ಜಿಗಿಹುಳು ಇದನ್ನು ಒಂದು ಮರದಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಕೋವಿಡ್ ಟೆಸ್ಟ್ ನೆನಪಿದೆಯಲ್ಲ?

ಮೂಗಿನಿಂದ ತೆಗೆದ ದ್ರವದಲ್ಲಿ ವೈರಸ್ ಇದೆಯಾ ಎಂದು ನೋಡಿದ ಪಿಸಿಆರ್ ವಿಧಾನವೇ ಇಲ್ಲೂ ಕೆಲಸಕ್ಕೆ ಬಂತು. ಮರದಿಂದ ತೆಗೆದ ಎಲೆಯ ಡಿಎನ್‌ಎಯಲ್ಲಿ ರೋಗಾಣುವಿನ ಒಂದು ತುಣುಕು ಇದ್ದರೂ ಸಾಕು, ಪಿಸಿಆರ್ ಅದನ್ನು ಕೋಟಿಗಟ್ಟಲೆ ಪ್ರತಿ ಮಾಡಿ ತೋರಿಸುತ್ತದೆ. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಬೇಕಾದ ಅಗತ್ಯವೇ ಇಲ್ಲ.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಲೆಯೊಳಗಿನ ಎಲ್ಲ ಜೀವಿಗಳ ಆನುವಂಶಿಕ ಬರಹವನ್ನು ಒಟ್ಟಿಗೆ ಓದುವ ಸೀಕ್ವೆನ್ಸಿಂಗ್ ಯಂತ್ರಗಳು ಬಂದಿವೆ. ಚೀನಾದ ಹೈನಾನ್ ದ್ವೀಪದಲ್ಲಿ ಹೀಗೆ ಹುಡುಕಿದಾಗ ಅಡಿಕೆ ಮರದಲ್ಲಿ ವೆಲಾರಿವೈರಸ್ ಎಂಬ ಹೊಸ ವೈರಸ್ ಸಿಕ್ಕಿತು. ಅಲ್ಲಿನ ಹಳದಿ ರೋಗಕ್ಕೂ ಅದಕ್ಕೂ ನಂಟಿದೆ ಎಂದು ಬಳಿಕ ಕಂಡುಬಂತು. ಅಂದರೆ ನೋಡಲು ಒಂದೇ ಥರದ ಹಳದಿಯ ಹಿಂದೆ ಬೇರೆ ಬೇರೆ ಕಾರಣ ಇರಬಹುದು.

ತಡೆದು ನಿಂತ ಮರದ ಗುಟ್ಟು

ರೋಗ ತುಂಬಿದ ತೋಟದಲ್ಲೂ ಕೆಲವು ಮರಗಳು ಹಸಿರಾಗಿಯೇ ಉಳಿಯುತ್ತವೆ. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ಅಂಥ ಮರಗಳನ್ನು ಗುರುತಿಸಿ, ಅವುಗಳ ನಡುವೆಯೇ ಪರಾಗಸ್ಪರ್ಶ ಮಾಡಿಸಿ ಸಸಿ ಬೆಳೆಸುವ ಕೆಲಸ ನಡೆಸಿದ್ದಾರೆ. ಅಂಗಾಂಶ ಕೃಷಿಯಲ್ಲಿ ಅದೇ ಗುಣದ ಸಸಿಗಳನ್ನು ಹೆಚ್ಚಿಸುವ ಪ್ರಯತ್ನವೂ ಇದೆ.

ತೊಂದರೆ ಏನೆಂದರೆ ಕಾಲ. ಅಡಿಕೆ ಫಸಲು ಕೊಡಲು ಐದಾರು ವರ್ಷ ಬೇಕು. ಸಸಿ ರೋಗ ತಡೆಯುತ್ತದೋ ಇಲ್ಲವೋ ಎಂದು ನೆಟ್ಟು ನೋಡಲು ಇನ್ನೂ ಹೆಚ್ಚು. ಇಲ್ಲೇ ಜಿನೋಮ್ ಸಹಾಯಕ್ಕೆ ಬರುವುದು. ಅಡಿಕೆಯ ಪೂರ್ತಿ ಜಿನೋಮನ್ನು ಚೀನಾದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 250 ಕೋಟಿ ಅಕ್ಷರಗಳಿವೆ. ಮನುಷ್ಯನದ್ದು ಸುಮಾರು 300 ಕೋಟಿ. ರೋಗ ತಡೆಯುವ ಗುಣ ಈ ಬರಹದ ಯಾವ ಭಾಗದಲ್ಲಿದೆ ಎಂದು ಸಿಕ್ಕಿದರೆ, ನರ್ಸರಿಯಲ್ಲೇ ಸಸಿಯ ಎಲೆ ಪರೀಕ್ಷಿಸಿ ಒಳ್ಳೆಯದನ್ನು ಆರಿಸಬಹುದು.

ನಮ್ಮ ಮಕ್ಕಳಿಗೆ ದಾರಿ ಹತ್ತಿರದಲ್ಲೇ

ಈ ವಿದ್ಯೆ ಕಲಿಯಲು ದೂರದ ಊರಿಗೇ ಹೋಗಬೇಕೆಂದಿಲ್ಲ. ನಮ್ಮದೇ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜಿನೋಮಿಕ್ ಸೈನ್ಸ್ ವಿಭಾಗವಿದೆ. ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಅಣುಜೀವಶಾಸ್ತ್ರದ ಸಂಶೋಧನೆ ನಡೆಯುತ್ತಿದೆ. ಪ್ಲಸ್ ಟು ಸೈನ್ಸ್ ಮುಗಿಸಿದವರು ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿ ನೋಡದೆ ಇದನ್ನೂ ವಿಚಾರಿಸಬಹುದು.

ತೋಟದವರು ಈಗ ಮಾಡಬೇಕಾದ್ದು ಇಷ್ಟು: ಸೋಗೆ ಹಳದಿಯಾದ ಕೂಡಲೇ ಯಾರೋ ಹೇಳಿದ ಮದ್ದಿಗೆ ಹಣ ಸುರಿಯುವುದು ಬೇಡ. ಮರವನ್ನು ಗುರುತು ಮಾಡಿಟ್ಟು ಕೃಷಿಭವನಕ್ಕೋ ಸಿಪಿಸಿಆರ್‌ಐಗೋ ತಿಳಿಸಿ. ಸುತ್ತಲಿನ ಮರಗಳು ಹಳದಿಯಾದರೂ ಒಂದು ಮರ ಹಸಿರಾಗಿ ನಿಂತಿದ್ದರೆ ಅದನ್ನು ಕಡಿಯಬೇಡಿ, ಅದರ ವಿಷಯವನ್ನೂ ಹೇಳಿ. ನಾಳೆಯ ತಳಿ ಆ ಮರದಿಂದಲೇ ಬರಬಹುದು.