ಲೈಲಾಳನ್ನು ಕೇಳಿದವರು ಯಾರು?

ಲೈಲಾ-ಮಜನೂ ಕಥೆ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? 1976ರಲ್ಲಿ ರಿಷಿ ಕಪೂರ್ ನಟಿಸಿದ ಹಿಂದಿ ಚಿತ್ರ ಬಂದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡ ಅಮ್ಮಂದಿರು, ಅತ್ತೆಯರು ಎಷ್ಟೋ ಮಂದಿ. ಅದೇ ಲೈಲಾಳ ಹೆಸರಿನ ಒಂದು ಇಂಗ್ಲಿಷ್ ಹಾಡೂ ಇದೆ. ‘ಡೆರೆಕ್ ಅಂಡ್ ದಿ ಡಾಮಿನೋಸ್’ ಎಂಬ ರಾಕ್ ತಂಡ 1970ರಲ್ಲಿ ಅದನ್ನು ಹೊರತಂದಿತು. ಹಾಡಿದವನು ಗಿಟಾರ್ ವಾದನದಲ್ಲಿ ಜಗತ್ತಿಗೇ ಹೆಸರಾದ ಎರಿಕ್ ಕ್ಲಾಪ್ಟನ್. ಅವನ ಲೈಲಾ ಯಾರು ಅಂತೀರಾ? ತನ್ನ ಆಪ್ತ ಗೆಳೆಯನ ಹೆಂಡತಿ!

ಆಕೆಯ ಹೆಸರು ಪ್ಯಾಟಿ ಬಾಯ್ಡ್. ಲಂಡನ್ನಿನಲ್ಲಿ ಮಾಡೆಲ್ ಆಗಿದ್ದ ಚೆಲುವೆ. 1964ರಲ್ಲಿ ಬೀಟಲ್ಸ್ ತಂಡದವರ ಸಿನಿಮಾದಲ್ಲಿ ಒಂದು ಪುಟ್ಟ ಪಾತ್ರಕ್ಕೆ ಹೋದಾಗ ಆ ತಂಡದ ಜಾರ್ಜ್ ಹ್ಯಾರಿಸನ್ ಆಕೆಯನ್ನು ಮೆಚ್ಚಿದ. 1966ರ ಜನವರಿಯಲ್ಲಿ ಮದುವೆಯೂ ಆಯಿತು. ಅದೇ ವರ್ಷ ಗಂಡಹೆಂಡತಿ ಇಬ್ಬರೂ ಮುಂಬಯಿಗೆ ಬಂದಿದ್ದರು. ಹ್ಯಾರಿಸನ್ ರವಿಶಂಕರರ ಬಳಿ ಸಿತಾರ್ ಕಲಿಯುತ್ತಿದ್ದ. 1968ರಲ್ಲಿ ಮಹರ್ಷಿ ಮಹೇಶ ಯೋಗಿಗಳ ಹೃಷಿಕೇಶದ ಆಶ್ರಮಕ್ಕೂ ಹೋಗಿದ್ದರು. ಹ್ಯಾರಿಸನ್ ಬರೆದ ‘ಸಮ್‌ಥಿಂಗ್’ ಎಂಬ ಪ್ರಸಿದ್ಧ ಹಾಡು ತನ್ನ ಮೇಲೇ ಬರೆದದ್ದೆಂದು ಅವನೇ ಹೇಳಿದ್ದನೆಂದು ಪ್ಯಾಟಿ ಬರೆದಿದ್ದಾಳೆ.

ಹೊರಗಿನಿಂದ ನೋಡಿದವರಿಗೆ ಇನ್ನೇನು ಕಡಿಮೆ ಅನ್ನಿಸಬೇಕು. ಆದರೆ ಒಳಗೆ ಸಂಸಾರ ಸೊರಗುತ್ತಾ ಬಂದಿತ್ತು. ಗಂಡ ಒಮ್ಮೆ ಜಪ-ಧ್ಯಾನದಲ್ಲಿ ಮುಳುಗಿದರೆ ಇನ್ನೊಮ್ಮೆ ಪರಸ್ತ್ರೀಯರ ಸಹವಾಸದಲ್ಲಿ. ದೊಡ್ಡ ಬಂಗಲೆಯಲ್ಲಿ ಪ್ಯಾಟಿ ಒಂಟಿ.

ಕಾಗದ ಬಂತು

1970ರಲ್ಲಿ ಆಕೆಗೊಂದು ಪ್ರೇಮಪತ್ರ ಬಂತು. ಕೆಳಗೆ ಬರೀ ‘ಇ’ ಅಂತ ಒಂದಕ್ಷರ. ಯಾರೋ ತಲೆಕೆಟ್ಟ ಅಭಿಮಾನಿ ಇರಬೇಕೆಂದು ನಕ್ಕು ಸುಮ್ಮನಾದಳು. ಸಂಜೆ ಫೋನು ಮಾಡಿ ಕಾಗದ ತಲುಪಿತಾ ಅಂತ ಕೇಳಿದವನು ಕ್ಲಾಪ್ಟನ್!

ಆ ದಿನಗಳಲ್ಲಿ ಕ್ಲಾಪ್ಟನ್‌ಗೆ ಸ್ನೇಹಿತನೊಬ್ಬ ಹನ್ನೆರಡನೆಯ ಶತಮಾನದ ಪಾರಸಿ ಕವಿ ನಿಜಾಮಿಯ ಲೈಲಾ-ಮಜನೂ ಕಾವ್ಯದ ಪುಸ್ತಕ ಕೊಟ್ಟಿದ್ದ. ಕೈಗೆ ಸಿಗದ ಹೆಣ್ಣಿಗಾಗಿ ಹುಚ್ಚನಾಗಿ ಅಲೆಯುವ ಮಜನೂವಿನಲ್ಲಿ ಅವನಿಗೆ ತಾನೇ ಕಂಡ. ಹಾಡು ಹುಟ್ಟಿತು. ಅಮೆರಿಕದ ಮಯಾಮಿಯಲ್ಲಿ ಅದರ ಧ್ವನಿಮುದ್ರಣವಾಯಿತು. ಒಂದು ದಿನ ಪ್ಯಾಟಿಯನ್ನು ಕರೆಸಿ, ಕೂರಿಸಿ, ಆ ಟೇಪನ್ನು ಎರಡು ಮೂರು ಸಲ ಕೇಳಿಸಿದ. ಹಾಡಿನ ಅಬ್ಬರಕ್ಕೆ ಆಕೆ ಮರುಳಾದಳು ನಿಜ. ಆದರೆ ಕೇಳಿದವರಿಗೆಲ್ಲ ಇದು ನನ್ನ ಮೇಲೆಯೇ ಅಂತ ತಿಳಿದುಬಿಡುತ್ತದಲ್ಲಾ ಅನ್ನುವ ಭಯವೂ ಆಯಿತಂತೆ. ಅದೇ ರಾತ್ರಿ ಒಂದು ಪಾರ್ಟಿಯಲ್ಲಿ ಕ್ಲಾಪ್ಟನ್ ಹ್ಯಾರಿಸನ್‌ನ ಎದುರಿಗೇ, ನಿನ್ನ ಹೆಂಡತಿಯನ್ನು ಪ್ರೀತಿಸುತ್ತೇನೆ ಅಂದುಬಿಟ್ಟ. ಪ್ಯಾಟಿ ಗಂಡನ ಜೊತೆಗೇ ಮನೆಗೆ ಹೋದಳು.

ಕ್ಲಾಪ್ಟನ್ ಅಷ್ಟಕ್ಕೇ ಬಿಡಲಿಲ್ಲ. ನೀನು ಬಾರದಿದ್ದರೆ ಹೆರಾಯಿನ್ ಸೇವಿಸುತ್ತೇನೆಂದು ಪೊಟ್ಟಣ ತೋರಿಸಿ ಹೆದರಿಸಿದ. ಆಮೇಲೆ ಸುಮಾರು ಮೂರು ವರ್ಷ ಅದೇ ಚಟದಲ್ಲಿ ಮನೆಯೊಳಗೇ ಬಿದ್ದಿದ್ದ. ಸೋದರಿಯರೇ, ಇದನ್ನು ಪ್ರೀತಿ ಅನ್ನಬೇಕೋ ಹಠ ಅನ್ನಬೇಕೋ ನೀವೇ ಹೇಳಿ. ಹಾಡೂ ಮೊದಲು ಓಡಲಿಲ್ಲ. 1972ರಲ್ಲಿ ಮತ್ತೆ ಹೊರಬಂದಾಗಲೇ ಮನೆಮಾತಾಯಿತು.

ಮಜನೂವಿನ ಮನೆಯಲ್ಲಿ

ಕೊನೆಗೆ 1974ರಲ್ಲಿ ಪ್ಯಾಟಿ ಹ್ಯಾರಿಸನ್‌ನನ್ನು ಬಿಟ್ಟು ಕ್ಲಾಪ್ಟನ್‌ನ ಮನೆ ಸೇರಿದಳು. 1976ರಲ್ಲಿ ಒಂದು ಸಂಜೆ ಪಾರ್ಟಿಗೆ ಹೊರಡಬೇಕಿತ್ತು. ಯಾವ ಉಡುಪು ಹಾಕಲಿ ಅಂತ ಆಕೆ ಮಹಡಿಯ ಮೇಲೆ ತೆಗೆದು ಹಾಕಿ ನೋಡುತ್ತಿದ್ದರೆ, ಇವನು ಕೆಳಗೆ ಕಾದು ಕಾದು ಗಿಟಾರ್ ಹಿಡಿದು ಕೂತ. ತಡವಾಯಿತೆಂದು ಬೈಯುತ್ತಾನೇನೋ ಎಂದು ಆಕೆ ಅಂಜುತ್ತಾ ಇಳಿದು ಬಂದರೆ, ಹೊಸ ಹಾಡೇ ತಯಾರಾಗಿತ್ತು! ಅದೇ ‘ವಂಡರ್‌ಫುಲ್ ಟುನೈಟ್’. ಸೀರೆ ಆರಿಸುವಾಗ ಹೊರಗಿನಿಂದ ಸ್ಕೂಟರಿನ ಹಾರ್ನ್ ಕೇಳಿ ಅಭ್ಯಾಸವಿರುವ ನಮಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಹೊಟ್ಟೆಕಿಚ್ಚು ಪಡುವ ಮೊದಲು ಮುಂದಿನದನ್ನೂ ಕೇಳಿ. 1979ರ ಮಾರ್ಚಿನಲ್ಲಿ ಇಬ್ಬರ ಮದುವೆಯಾಯಿತು. ಆದರೆ ಹೆರಾಯಿನ್ ಬಿಟ್ಟವನು ಅದಕ್ಕೂ ಮೊದಲೇ ಕುಡಿತ ಹಿಡಿದಿದ್ದ. ಬೆಳಗಿನಿಂದಲೇ ಬಾಟಲಿ. ಪ್ಯಾಟಿಗೆ ಮಕ್ಕಳ ಆಸೆ ಬಹಳ. ಚಿಕಿತ್ಸೆ ಮಾಡಿಸಿಕೊಂಡರೂ ಫಲಿಸಲಿಲ್ಲ. 1986ರಲ್ಲಿ ಕ್ಲಾಪ್ಟನ್‌ಗೆ ಬೇರೊಬ್ಬಳಲ್ಲಿ ಗಂಡುಮಗುವಾಯಿತು. ಆ ಸುದ್ದಿ ಕೇಳಿದ ಹೆಣ್ಣಿನ ಎದೆ ಹೇಗೆ ಉರಿದಿರಬೇಕು! ತನ್ನನ್ನೇ ಹೊಗಳಿದ ಆ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಅನೇಕ ವರ್ಷ ಸಂಕಟವಾಗುತ್ತಿತ್ತೆಂದು ಆಕೆ ಬರೆದಿದ್ದಾಳೆ. 1989ರಲ್ಲಿ ವಿಚ್ಛೇದನವಾಯಿತು. ತಾನು ಆ ದಿನಗಳಲ್ಲಿ ಕೆಟ್ಟದಾಗಿ ನಡೆದುಕೊಂಡದ್ದನ್ನು ಮುಂದೆ ಕುಡಿತ ಬಿಟ್ಟ ಕ್ಲಾಪ್ಟನ್ ಕೂಡ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಆಮೇಲೆ

ಸಿನಿಮಾ ಆಗಿದ್ದರೆ ಲೈಲಾ ಇಲ್ಲಿಗೆ ಸಾಯಬೇಕಿತ್ತು. ಪ್ಯಾಟಿ ಸಾಯಲಿಲ್ಲ. ಹರೆಯದಿಂದ ಹವ್ಯಾಸಕ್ಕಾಗಿ ಹಿಡಿದಿದ್ದ ಕ್ಯಾಮೆರಾ ಈಗ ಕೈಹಿಡಿಯಿತು. ಕುಡಿತ, ಮಾದಕ ಚಟಗಳಿಗೆ ಬಿದ್ದವರಿಗೆ ನೆರವಾಗುವ ಸಂಸ್ಥೆಯನ್ನು 1991ರಲ್ಲಿ ಗೆಳತಿಯೊಬ್ಬಳ ಜೊತೆ ಕಟ್ಟಿದಳು. 2005ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆಕೆ ತೆಗೆದ ಫೋಟೋಗಳ ಪ್ರದರ್ಶನವಾಯಿತು. 2007ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಪ್ರಕಟಿಸಿದಳು. 2015ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಮತ್ತೆ ಮದುವೆಯಾದಳು. 2024ರ ಮಾರ್ಚಿನಲ್ಲಿ ಆ ಹಳೆಯ ಪ್ರೇಮಪತ್ರವನ್ನೂ ‘ಲೈಲಾ’ ಧ್ವನಿಮುದ್ರಿಕೆಯ ಹೊದಿಕೆಯ ಮೇಲಿದ್ದ ಮೂಲ ವರ್ಣಚಿತ್ರವನ್ನೂ ಲಂಡನ್ನಿನಲ್ಲಿ ಹರಾಜಿಗಿಟ್ಟಳು. ಆ ಚಿತ್ರವೊಂದಕ್ಕೇ ಸುಮಾರು 20 ಲಕ್ಷ ಪೌಂಡ್ ಬಂತು.

ಹಾಡು ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. ಆ ಗಿಟಾರಿನ ಆರಂಭ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಆದರೆ ಹೊಗಳುವುದೇ ಬೇರೆ, ಬಾಳಿಸುವುದೇ ಬೇರೆ. ನಮ್ಮ ಮನೆಗಳಲ್ಲಿ ನಮ್ಮ ಮೇಲೆ ಯಾರೂ ಹಾಡು ಕಟ್ಟಿಲ್ಲ. ಜ್ವರ ಬಂದ ದಿನ ಒಂದು ಲೋಟ ಗಂಜಿ ಕಾಯಿಸಿ ತಂದು ಕೊಡುವ ಗಂಡನಿದ್ದರೆ, ನನ್ನ ಮಟ್ಟಿಗೆ ಅದೇ ದೊಡ್ಡದು. ನಿಮ್ಮ ಮಕ್ಕಳ ಮೊಬೈಲಿನಲ್ಲಿ ಎಂದಾದರೂ ‘ಲೈಲಾ’ ಕೇಳಿಬಂದರೆ ಈ ಕಥೆಯನ್ನು ಅವರಿಗೂ ಹೇಳಿ. ಹಾಡಿದವನ ನೋವು ಹಾಡಿನಲ್ಲೇ ಇದೆ. ಹಾಡಿಸಿಕೊಂಡವಳದ್ದನ್ನು ನಾವು ಹೇಳಬೇಕು.